ರಿಪೋರ್ಟ್ ನಾರ್ಮಲ್, ಭೇದಿ ಮಾತ್ರ ನಿಂತಿಲ್ಲ

ಮಳೆಗಾಲದಲ್ಲಿ ಕಾರವಾರದ ಲ್ಯಾಬ್‌ಗಳಿಗೆ ಭೇದಿಯ ಸ್ಯಾಂಪಲ್ ಜಾಸ್ತಿ ಬರುತ್ತವೆ. ಹೆಚ್ಚಿನವರಿಗೆ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಎಚ್‌ಐವಿ ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡವರು, ಕ್ಯಾನ್ಸರ್ ಔಷಧಿಯಲ್ಲಿರುವವರ ಕಥೆ ಬೇರೆ. ತಿಂಗಳಾದರೂ ನಿಲ್ಲುವುದಿಲ್ಲ, ಮೈ ಇಳಿಯುತ್ತದೆ, ಮಲ ಪರೀಕ್ಷೆ ಮಾತ್ರ ನಾರ್ಮಲ್.

ಆ ನಾರ್ಮಲ್ಲನ್ನು ಅಷ್ಟು ಬೇಗ ನಂಬಬೇಡಿ. ಮಾಮೂಲಿ ಪರೀಕ್ಷೆಯಲ್ಲಿ ಲ್ಯಾಬಿನವರಾದ ನಾವು ಹುಡುಕುವುದು ಅಮೀಬಾ, ಜಂತುಹುಳದ ಮೊಟ್ಟೆ ಇಂಥವನ್ನು. ಇಂಥ ಭೇದಿ ತರುವ ಪರಾವಲಂಬಿ ಜೀವಿ ಕ್ರಿಪ್ಟೋಸ್ಪೊರಿಡಿಯಂ (ಕ್ರಿಪ್ಟೊ) ಬರೇ 4ರಿಂದ 6 ಮೈಕ್ರಾನ್, ಕೆಂಪು ರಕ್ತಕಣಕ್ಕಿಂತಲೂ ಚಿಕ್ಕದು. ಸುಮ್ನೆ ನೋಡಿದರೆ ಯೀಸ್ಟ್ ಅನ್ನಿಸಿಬಿಡುತ್ತದೆ. ಕಫದಲ್ಲಿ ಟಿಬಿ ಹುಡುಕುವ ಆಸಿಡ್ ಫಾಸ್ಟ್ ಸ್ಟೇನನ್ನೇ (ಬಣ್ಣವನ್ನೇ) ಸ್ವಲ್ಪ ಬದಲಿಸಿ ಹಾಕಿದರೆ ಕೆಂಪಗೆ ಎದ್ದು ಕಾಣುತ್ತದೆ. ಚೀಟಿಯಲ್ಲಿ ಬರೀ 'ಭೇದಿ' ಎಂದಿದ್ದರೆ ಆ ಸ್ಟೇನ್ ಯಾರು ಹಾಕುತ್ತಾರೆ? ಊರು ಚಿಕ್ಕದು, ಎಚ್‌ಐವಿ ಅಂತ ಬಾಯಿಬಿಡಲು ಹಿಂಜರಿಕೆ ಸಹಜ. ಕಾಯಿಲೆಯ ಹೆಸರೇ ಬೇಕಿಲ್ಲ. 'ರೋಗನಿರೋಧಕ ಶಕ್ತಿ ಕಡಿಮೆ, ಆಸಿಡ್ ಫಾಸ್ಟ್ ಮಾಡಿ' ಎಂದು ಡಾಕ್ಟರ ಹತ್ತಿರ ಬರೆಸಿಕೊಂಡರೆ ಸಾಕು.

ಯಾವ ಜೀವಿ ಎಂದು ತಿಳಿದರೆ ಔಷಧಿಯೇ ಬದಲಾಗುತ್ತದೆ. ಇಂಥದ್ದೇ ಭೇದಿ ತರುವ ಇನ್ನೊಂದು ಪರಾವಲಂಬಿ ಸಿಸ್ಟೊಐಸೊಸ್ಪೊರಾ ಸಾಮಾನ್ಯವಾಗಿ ಕೋಟ್ರೈಮಾಕ್ಸಜೋಲ್ ಎಂಬ ಆ್ಯಂಟಿಬಯಾಟಿಕ್‌ಗೆ ಬಗ್ಗುತ್ತದೆ. ಕ್ರಿಪ್ಟೊಗೆ ನೆಚ್ಚಿಕೊಳ್ಳುವಂಥ ಮಾತ್ರೆ ಇಲ್ಲ. ಎಚ್‌ಐವಿ ಇದ್ದವರಲ್ಲಿ ಎಆರ್‌ಟಿಯಿಂದ (ಎಚ್‌ಐವಿ ಔಷಧಿಯಿಂದ) ಸಿಡಿ4, ಅಂದರೆ ರೋಗನಿರೋಧಕ ಕಣಗಳ ಸಂಖ್ಯೆ, ಏರಬೇಕು, ಅದೇ ನಿಜವಾದ ಚಿಕಿತ್ಸೆ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿ ನಿಶ್ಚಿಂತರಾಗುವ ಹಾಗೂ ಇಲ್ಲ. ನೀರಿನಿಂದ ಹರಡುವ ಕ್ರಿಪ್ಟೊ ಆ ಪೌಡರಿನ ಕ್ಲೋರಿನ್‌ಗೆ ಜಗ್ಗುವುದಿಲ್ಲ. 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಶುದ್ಧೀಕರಿಸಿದ ನಲ್ಲಿ ನೀರಿನಿಂದಲೇ ಸುಮಾರು 4 ಲಕ್ಷ ಜನರಿಗೆ ಹರಡಿತ್ತು. ನೀರು ಚೆನ್ನಾಗಿ ಮರಳಿದ ಮೇಲೆ ಇನ್ನೊಂದು ನಿಮಿಷ ಕುದಿಸಿ.

ಶಿರಸಿ ಕಡೆಯ ತೋಟಿಗರ ವಿಷಯದಲ್ಲಿ ನನ್ನ ಚಿಂತೆ ಸ್ಟ್ರಾಂಜಿಲಾಯ್ಡಿಸ್ ಹುಳದ್ದು. ಹಸಿ ಮಣ್ಣಿನಿಂದ ಬರಿಗಾಲಿನ ಚರ್ಮ ತೂರಿ ಒಳಬರುತ್ತದೆ. ಕರುಳಲ್ಲಿ ಹತ್ತಾರು ವರ್ಷ ಸದ್ದಿಲ್ಲದೆ ಇರಬಲ್ಲದು. ಉಬ್ಬಸಕ್ಕೋ ಸಂಧಿವಾತಕ್ಕೋ ರೋಗನಿರೋಧಕ ಶಕ್ತಿ ತಗ್ಗಿಸುವ ಸ್ಟೀರಾಯ್ಡ್ ಶುರುವಾದರೆ ಒಳಗೇ ಲೆಕ್ಕವಿಲ್ಲದಷ್ಟು ಹೆಚ್ಚಿ ಶ್ವಾಸಕೋಶ, ಮಿದುಳಿಗೂ ಹೋಗುತ್ತದೆ. ಆಗ ಜೀವಕ್ಕೇ ಕುತ್ತು. (ನೋವಿಗೆಂದು ಅಂಗಡಿಯಿಂದ ತರುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲೂ ಸ್ಟೀರಾಯ್ಡ್ ಇರಬಹುದು.) ಒಂದು ಸ್ಯಾಂಪಲ್‌ನಲ್ಲಿ ಈ ಹುಳ ಸಿಗದೇ ಹೋಗುವುದೇ ಹೆಚ್ಚು, ಬೇರೆ ಬೇರೆ ದಿನ ಕೊಡಬೇಕು. ಹುಳದ ಮಾತ್ರೆ ನುಂಗಿದ್ದೇನಲ್ಲ ಎನ್ನುವವರಿದ್ದಾರೆ. ಅದು ಹೆಚ್ಚಾಗಿ ಒಂದೇ ಅಲ್ಬೆಂಡಜೋಲ್, ಇದಕ್ಕೆ ಸಾಲದು. ಐವರ್‌ಮೆಕ್ಟಿನ್ ಬೇಕು, ಡಾಕ್ಟರೇ ಬರೆಯಬೇಕು. ಸ್ಟೀರಾಯ್ಡ್ ಬಹಳ ದಿನ ಬೇಕೆಂದಾಗ ಡಾಕ್ಟರಿಗೆ ನೀವೇ ಹೇಳಿ, 'ಸರ್, ನಾನು ಬರಿಗಾಲಲ್ಲಿ ತೋಟದ ಕೆಲಸ ಮಾಡುವವ' ಎಂದು. ಅವರು ಕೇಳುವುದು ಕಡಿಮೆ.