ಹಳೇ ಫ್ಲಾಪಿಯಿಂದ ಫೈಲ್ ಕಾಪಿ ಮಾಡ್ಕೊಂಡ್ರೆ ಸಾಕಲ್ವಾ, ಇಮೇಜ್ ಯಾಕೆ?

ಪ್ರಶ್ನೆ: ಅಪ್ಪ ಡಿಟಿಪಿ ಅಂಗಡಿ ನಡೆಸ್ತಿದ್ದಾಗಿನ ಫ್ಲಾಪಿಗಳು ಒಂದು ಡಬ್ಬಿ ತುಂಬ ಇವೆ. ಯುಎಸ್‌ಬಿ ಫ್ಲಾಪಿ ಡ್ರೈವ್ ತಗೊಂಡಿದೀನಿ. ಫೈಲ್‌ಗಳನ್ನ ಡ್ರ್ಯಾಗ್ ಮಾಡಿ ಕಾಪಿ ಮಾಡ್ಕೊಂಡ್ರೆ ಆಯ್ತಲ್ವಾ?

ಡಿಸ್ಕ್ ಚೆನ್ನಾಗಿದ್ರೆ ಆಗತ್ತೆ. ಆದ್ರೆ ಇಷ್ಟು ಹಳೇ ಡಿಸ್ಕ್ ಇನ್ನೆಷ್ಟು ಸಲ ಓದ್ಸತ್ತೆ ಅಂತ ಹೇಳಕ್ಕಾಗಲ್ಲ, ಫ್ಲಾಪಿಲಿ ಹೆಡ್ಡು (ಡ್ರೈವ್‌ನೊಳಗೆ ಓದೋ ಭಾಗ) ಡಿಸ್ಕ್ ಮೇಲ್ಮೈಗೆ ತಾಗ್ಕೊಂಡೇ ಓದೋದು, ಫಂಗಸ್ ಹಿಡಿದಿದ್ರೆ ಅಥ್ವಾ ಲೇಪ ಸಡಿಲ ಆಗಿದ್ರೆ ಒಂದೊಂದು ಸಲ ಸುತ್ತಿದಾಗ್ಲೂ ಅಷ್ಟಷ್ಟು ಕೆರೆದು ಹೋಗತ್ತೆ. ಅದಕ್ಕೇ ಮೊದಲು ಇಡೀ ಡಿಸ್ಕನ್ನ ಇಮೇಜ್ ಮಾಡ್ಕೊಳಿ, ಆಮೇಲೆ ಹುಡುಕಾಟ ಎಲ್ಲಾ ಇಮೇಜ್ ಮೇಲೆ.

ಇಮೇಜ್ ಅಂದ್ರೆ ಚಿತ್ರ ಅಲ್ಲ. ಡಿಸ್ಕ್ ಮೇಲೆ ಗುಂಡಗಿನ ಸಾಲುಗಳಿರತ್ವೆ, ಅವು ಟ್ರ್ಯಾಕ್, ಒಂದೊಂದು ಟ್ರ್ಯಾಕಿನ ಚಿಕ್ಕ ತುಂಡು ಸೆಕ್ಟರ್. ರಾ ಇಮೇಜ್ ಅಂದ್ರೆ ಮೊದಲ್ನೇ ಸೆಕ್ಟರ್‌ನಿಂದ ಕೊನೇದ್ರ ತನಕ ಇದ್ದದ್ದನ್ನ ಇದ್ದಂಗೇ ಒಂದೇ ಫೈಲ್‌ಗೆ ಬರ್ಕೊಳೋದು. ಮಾಮೂಲಿ 1.44 ಎಂಬಿ ಡಿಸ್ಕ್‌ನಲ್ಲಿ ಎರಡು ಮೈ, ಒಂದೊಂದು ಮೈಯಲ್ಲಿ 80 ಟ್ರ್ಯಾಕ್, ಒಂದೊಂದು ಟ್ರ್ಯಾಕಲ್ಲಿ 18 ಸೆಕ್ಟರ್, ಸೆಕ್ಟರ್‌ಗೆ 512 ಬೈಟ್, ಗುಣಿಸಿದ್ರೆ 14,74,560 ಬೈಟ್. ನಿಮ್ಮ ಇಮೇಜ್ ಫೈಲ್ ಅದಕ್ಕಿಂತ ಚಿಕ್ಕದಿದ್ರೆ ಮಧ್ಯದಲ್ಲೇ ನಿಂತಿದೆ ಅಂತ ಲೆಕ್ಕ. 720 ಕೆಬಿ ಡಿಸ್ಕ್ ಆದ್ರೆ 7,37,280 ಬರ್ಬೇಕು.

ಇನ್ನೊಂದು ಲಾಭ ಇದೆ. ಡಾಸ್, ವಿಂಡೋಸ್ ಫ್ಲಾಪಿಲಿ ಫೈಲ್ ಡಿಲೀಟ್ ಮಾಡಿದ್ರೆ ಹೆಸರಿನ ಮೊದಲ್ನೇ ಅಕ್ಷರ ಬದಲಾಗತ್ತೆ, ಆ ಜಾಗ ಖಾಲಿ ಅಂತ ಗುರುತಾಗತ್ತೆ ಅಷ್ಟೇ, ಒಳಗಿನ ಮ್ಯಾಟರ್ ಅಲ್ಲೇ ಇರತ್ತೆ, ಮೇಲೆ ಬೇರೇದು ಬರೆಯೋ ತನಕ. ಕಾಪಿ ಮಾಡಿದ್ರೆ ಅದು ಬರಲ್ಲ, ಇಮೇಜ್‌ನಲ್ಲಿ ಬರತ್ತೆ.

ಶುರು ಮಾಡೋ ಮುಂಚೆ ಮೂಲೇಲಿರೋ ಚಿಕ್ಕ ಗುಂಡಿ ಸರಿಸಿ ತೂತು ಕಾಣೋ ಹಾಗೆ ಮಾಡಿ, ಅವಾಗ ಡಿಸ್ಕ್ ಮೇಲೆ ಯಾವ ಪ್ರೋಗ್ರಾಮೂ ಬರೆಯಕ್ಕಾಗಲ್ಲ. "ಫಾರ್ಮ್ಯಾಟ್ ಮಾಡ್ಬೇಕಾ" ಅಂತ ವಿಂಡೋಸ್ ಕೇಳಿದ್ರೆ ದಯವಿಟ್ಟು ಬೇಡ ಅನ್ನಿ, ಎಷ್ಟೋ ಸಲ ಮೊದಲ್ನೇ ಟ್ರ್ಯಾಕ್ ಮಾತ್ರ ಕೆಟ್ಟಿರತ್ತೆ, ಫೈಲ್‌ಗಳು ಹಿಂದೆ ಚೆನ್ನಾಗೇ ಕೂತಿರತ್ವೆ.

ಇಮೇಜ್ ಮಾಡಕ್ಕೆ ವಿಂಡೋಸಲ್ಲಿ ವಿನ್‌ಇಮೇಜ್ ಅನ್ನೋ ಪ್ರೋಗ್ರಾಮ್ ಸಾಕು. ಲಿನಕ್ಸ್ ಇದ್ರೆ ನಾನು ಡಿಡಿ (ಡಿಸ್ಕ್ ಕಾಪಿ ಮಾಡೋ ಮಾಮೂಲಿ ಕಮಾಂಡ್) ಬಿಟ್ಟು, ಕೆಟ್ಟ ಡಿಸ್ಕ್‌ಗೇ ಅಂತ ಇರೋ ಡಿಡಿರೆಸ್ಕ್ಯೂನೇ ಹಾಕಿ ಅಂತೀನಿ. ಅದು ಓದಕ್ಕಾಗದ ಕಡೆ ಹಠ ಮಾಡ್ದೆ ಮುಂದೆ ಹೋಗತ್ತೆ, ಚೆನ್ನಾಗಿರೋದನ್ನೆಲ್ಲ ಮೊದಲು ತೆಗೆದು ಆಮೇಲೆ ವಾಪಸ್ ಬಂದು ಕೆಟ್ಟ ಜಾಗ ಟ್ರೈ ಮಾಡತ್ತೆ, ಯಾವ ಸೆಕ್ಟರ್ ಬಂತು ಯಾವುದು ಬಂದಿಲ್ಲ ಅಂತ ಒಂದು ಮ್ಯಾಪ್ ಫೈಲಲ್ಲಿ ಬರೆದಿಡತ್ತೆ. ಆ ಮ್ಯಾಪ್ ಇದ್ರೆ ಅದೇ ಡಿಸ್ಕನ್ನ ಬೇರೆ ಡ್ರೈವ್‌ಗೆ ಹಾಕಿ ಉಳಿದ ಸೆಕ್ಟರ್ ಮಾತ್ರ ಓದಿಸ್ಬಹುದು. ಡ್ರೈವಿಂದ ಡ್ರೈವ್‌ಗೆ ಹೆಡ್ ಕೂರೋ ಜಾಗ ಕೂದಲೆಳೆಯಷ್ಟು ಆಚೀಚೆ ಇರತ್ತಲ್ಲ, ಒಂದರಲ್ಲಿ ಬರದೇ ಇದ್ದದ್ದು ಇನ್ನೊಂದರಲ್ಲಿ ಬರೋದುಂಟು.

ಐದೂಕಾಲು ಇಂಚಿನ ಡಿಸ್ಕ್, ಹಳೇ ಮ್ಯಾಕಿನ 800 ಕೆಬಿ ಡಿಸ್ಕ್ ಇದ್ರೆ ಯುಎಸ್‌ಬಿ ಡ್ರೈವ್‌ನಿಂದ ಆಗಲ್ಲ. ಅದಕ್ಕೆ ಹಳೇ ಡ್ರೈವ್ ಹುಡುಕಿ ಗ್ರೀಸ್‌ವೀಝಲ್ ಥರದ ಬೋರ್ಡ್ (ಹಳೇ ಡ್ರೈವನ್ನ ಯುಎಸ್‌ಬಿ ಮೂಲಕ ಕಂಪ್ಯೂಟರ್‌ಗೆ ಜೋಡಿಸೋ ಸರ್ಕ್ಯೂಟ್) ಸಿಗಿಸ್ಬೇಕು.

ಇಮೇಜನ್ನ 7-ಜಿಪ್‌ನಲ್ಲೇ ಓಪನ್ ಮಾಡ್ಬಹುದು. ಕನ್ನಡ ಫೈಲ್ ತೆಗೆದಾಗ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರ ಕಂಡ್ರೆ ಕೆಟ್ಟಿದೆ ಅಂತ ಡಿಲೀಟ್ ಮಾಡ್ಬೇಡಿ, ಅದು ಯೂನಿಕೋಡ್‌ಗಿಂತ ಮುಂಚಿನ ಫಾಂಟಲ್ಲಿ ಟೈಪ್ ಮಾಡಿದ್ದು, ಅಪ್ಪ ಶ್ರೀಲಿಪಿ ಬಳಸ್ತಿದ್ರಾ ಬರಹನಾ ಅಂತ ಕೇಳಿ, ಅದೇ ಫಾಂಟ್ ಹಾಕಿದ್ರೆ ಓದಕ್ಕೆ ಬರತ್ತೆ.