ಬೀನ್ಸ್ ಬೀಜ ನೆನೆಸಿ ಹಾಕಬೇಕಾ? ಬೇಡ, ಮತ್ತೊಮ್ಮೆ ಬೇಡ

ಪ್ರಶ್ನೆ: ಬೀನ್ಸ್ ಬೀಜವನ್ನು ರಾತ್ರಿಯಿಡೀ ನೆನೆಸಿ, ಬೆಳಗ್ಗೆ ಪಾಟಿಗೆ ಹಾಕಿ, ದಿನಾ ಎರಡು ಹೊತ್ತು ನೀರು ಕೊಟ್ಟೆ. ಹತ್ತು ದಿನವಾದರೂ ಒಂದೂ ಹುಟ್ಟಿಲ್ಲ. ಕೆದಕಿ ನೋಡಿದರೆ ಲೊಳೆಲೊಳೆ. ಬೀಜವೇ ಸರಿಯಿಲ್ಲವಾ?

ಕೇಳುವವರ ಊರು ಬದಲಾಗುತ್ತದೆ, ಪ್ರಶ್ನೆ ಮಾತ್ರ ಇದೇ. ಬೀಜದ ಮೇಲೆ ತಪ್ಪು ಹೊರಿಸುವ ಮೊದಲು ಆ ನೀರಿನ ಬಟ್ಟಲನ್ನು ವಿಚಾರಿಸಿಕೊಳ್ಳೋಣ.

ಮಾಡಬೇಕಾದ್ದು ಇಷ್ಟೇ. ಹಿಂದಿನ ದಿನವೇ ಮಣ್ಣಿಗೆ ನೀರು ಹಾಕಿ ಹದ ಮಾಡಿಡಿ. ಒಣ ಬೀಜವನ್ನು ಎರಡು-ಮೂರು ಸೆಂ.ಮೀ. ಆಳಕ್ಕೆ ಊರಿ. ಅರ್ಕಾ ಕೋಮಲ್ ತಳಿಯಂಥ, ಬಳ್ಳಿ ಹಬ್ಬದ ಗಿಡ ಬೀನ್ಸ್ ಆದರೆ ನಡುವೆ 10–15 ಸೆಂ.ಮೀ. ಬಿಡಿ. ಆಮೇಲೆ ಸುಮ್ಮನಿರಿ. ಮೇಲ್ಮಣ್ಣು ತೀರಾ ಒಣಗಿದರೆ ಮಾತ್ರ ಕೈಯಲ್ಲಿ ಚಿಮುಕಿಸಿ. ನಮ್ಮ ಹವೆಯಲ್ಲಿ ಸುಮಾರು ವಾರಕ್ಕೆ ಹುಟ್ಟುತ್ತದೆ. ಟ್ರೇನಲ್ಲಿ ಸಸಿ ಎಬ್ಬಿಸಿ ಕಿತ್ತು ನೆಡಬೇಡಿ, ಬೇರು ಅಲುಗಿದರೆ ಬೀನ್ಸ್‌ಗೆ ಆಗಿಬರುವುದಿಲ್ಲ.

ಈಗ ಆ ನೆನೆಸುವ ಹುಚ್ಚಿನ ವಿಷಯ. ಬೀನ್ಸ್ ಬೀಜದ ಸಿಪ್ಪೆ ತೆಳು. ನಾಲ್ಕು ಬೀಜ ಗಾಜಿನ ಲೋಟದ ನೀರಿಗೆ ಹಾಕಿ ನೋಡಿ. ಮೊದಲು ಸಿಪ್ಪೆ ಅಂಚಿನಲ್ಲಿ ಸುಕ್ಕಾಗುತ್ತದೆ, ಆಮೇಲೆ ಸಡಿಲ ಅಂಗಿಯಂತೆ ಜೋತುಬೀಳುತ್ತದೆ. ಒಳಗಿನ ಬೇಳೆ ಗಬಗಬನೆ ನೀರು ಕುಡಿದು ಉಬ್ಬುತ್ತದೆ. ಹೊರಭಾಗ ಉಬ್ಬಿ ಒಳಭಾಗ ಇನ್ನೂ ಒಣಗಿರುವಾಗ ಬೇಳೆಗೆ ಅಡ್ಡಡ್ಡ ಬಿರುಕು ಬೀಳುತ್ತದೆ. ಒಣ ಬೀಜದ ಜೀವಕೋಶಗಳ ಪೊರೆಗೆ ತನ್ನನ್ನು ತಾನು ಸರಿಪಡಿಸಿಕೊಳ್ಳಲು ಸ್ವಲ್ಪ ಸಮಯ ಬೇಕು. ನೀರು ಒಮ್ಮೆಲೇ ನುಗ್ಗಿದರೆ ಪೊರೆ ಹರಿದು, ಒಳಗಿನ ಸಕ್ಕರೆ, ಲವಣ ಹೊರಗೆ ಸೋರುತ್ತವೆ. ಬೆಳಗ್ಗೆ ಲೋಟದ ನೀರು ಕದಡಿರುತ್ತದಲ್ಲ, ಅದು ಸಸಿಯ ಊಟ. ಅದೇ ಸಕ್ಕರೆಯ ಜಾಡು ಹಿಡಿದು ಮಣ್ಣಿನಲ್ಲಿರುವ ಪಿಥಿಯಂ, ರೈಜೋಕ್ಟೋನಿಯಾದಂಥ ಶಿಲೀಂಧ್ರಗಳು ಬರುತ್ತವೆ. ಮುಳುಗಿದ ಬೀಜಕ್ಕೆ ಉಸಿರಾಡಲು ಆಮ್ಲಜನಕವೂ ಸಾಲದು. ಇಷ್ಟೆಲ್ಲ ಆದಮೇಲೆ ಎರಡು ಹೊತ್ತು ನೀರು ಬೇರೆ!

ಪ್ರಿಂಟು ಹಾಕಿಸಿಕೊಂಡವರ ಹಾಗೆ ಎಲ್ಲರದೂ ಒಂದೇ ವಾದ: "ಹೆಸರುಕಾಳು ನೆನೆಸಿದರೆ ಮೊಳಕೆ ಬರುತ್ತಲ್ಲಾ?" ಬರುತ್ತದೆ. ಆದರೆ ನೀರು ಬಸಿದು ಬಟ್ಟೆಯಲ್ಲಿ ಕಟ್ಟಿದ ಮೇಲೆ ಬರುತ್ತದೆ, ಗಾಳಿಯಾಡುತ್ತದೆ. ಅದರಿಂದ ನಮಗೆ ಬೇಕಾದದ್ದು ಉಸಲಿ, ಎರಡು ತಿಂಗಳ ಗಿಡವಲ್ಲ. ಕೆಟ್ಟ ಹತ್ತು ಕಾಳನ್ನು ಯಾರೂ ಲೆಕ್ಕ ಇಡುವುದಿಲ್ಲ. ಹಾಗಲ, ಹೀರೆ ಬೀಜ ನೆನೆಸಿ ಎಂದು ಹಿರಿಯರು ಹೇಳಿದ್ದು ಸರಿ, ಅವುಗಳ ಸಿಪ್ಪೆ ಗಟ್ಟಿ. ಆ ಮಾತನ್ನು ತಂದು ಬೀನ್ಸ್‌ಗೆ ಅಂಟಿಸಿದ್ದು ನಾವು. ಇನ್ನು ಗುಲಾಬಿ ಬಣ್ಣದ ಲೇಪ ಇರುವ ಪ್ಯಾಕೆಟ್ ಬೀಜ ನೆನೆಸುವವರಿಗೆ ಏನು ಹೇಳಲಿ? ಆ ಲೇಪ ಸಾಮಾನ್ಯವಾಗಿ ಶಿಲೀಂಧ್ರನಾಶಕ. ಕೊಳೆಯದಿರಲೆಂದು ಹಚ್ಚಿದ್ದನ್ನೇ ತೊಳೆದು ಚೆಲ್ಲುತ್ತೀರಿ.

ಬೀಜ ಹಳೆಯದೆಂಬ ಅನುಮಾನವಿದ್ದರೆ ಹತ್ತು ಬೀಜವನ್ನು ಹಿಂಡಿದ ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಒದ್ದೆ ಬಟ್ಟೆ ಬೇರೆ, ನೀರಿನ ಬಟ್ಟಲು ಬೇರೆ. ಏಳೆಂಟು ಮೊಳೆತರೆ ಧೈರ್ಯವಾಗಿ ಬಿತ್ತಿ.

ನೀರು ಹುಯ್ದು ಹುಯ್ದು ಮಣ್ಣು ಹೆಪ್ಪುಗಟ್ಟಿದರೂ ಕಷ್ಟವೇ. ಬಟಾಣಿಯ ಬೇಳೆ ಮಣ್ಣೊಳಗೇ ಉಳಿಯುತ್ತದೆ. ಬೀನ್ಸ್ ಹಾಗಲ್ಲ, ಕತ್ತು ಬಗ್ಗಿಸಿ ಎರಡೂ ಬೇಳೆಗಳನ್ನು ಮೇಲಕ್ಕೆ ಎಳೆದುಕೊಂಡು ಬರಬೇಕು. ಹೆಪ್ಪು ಗಟ್ಟಿಯಿದ್ದರೆ ಕತ್ತು ಅಲ್ಲೇ ಮುರಿಯುತ್ತದೆ.

ಯಾರೂ ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ, ಮುಂದಿನ ಪತ್ರ ಅದೇ ಇರುತ್ತದೆ. ಬೀನ್ಸ್ ಪಕ್ಕದಲ್ಲೇ ಜೂನ್‌ನಲ್ಲಿ ಹಾಕಿದ ನಾಟಿ ಅವರೆ ಕಾಂಪೌಂಡ್ ದಾಟಿ ಹಬ್ಬಿದೆ, ಹೂವೇ ಇಲ್ಲ ಅಲ್ಲವೇ? ಗೊಬ್ಬರ ಸಾಲದೆ ಅಲ್ಲ. ನಾಟಿ ಅವರೆ ಹಗಲು ಗಿಡ್ಡವಾಗುವವರೆಗೆ ಎಲೆ, ಬಳ್ಳಿಯಲ್ಲೇ ಕಾಲ ಕಳೆಯುತ್ತದೆ. ರಾಗಿ ಹೊಲದ ಅಕ್ಕಡಿ ಸಾಲಿನಲ್ಲಿ, ಅಂದರೆ ರಾಗಿಯ ನಡುವೆ ಬೇರೆ ಬೆಳೆಗೆ ಬಿಟ್ಟ ಸಾಲಿನಲ್ಲಿ, ಹಾಕಿದ ಅವರೆ, ರಾಗಿ ಕೊಯ್ದ ಮೇಲೆ ತುಂಬಿ ನಿಲ್ಲುವುದು ಇದರಿಂದಲೇ. ಬೀದಿದೀಪದ ಬೆಳಕು ರಾತ್ರಿಯಿಡೀ ನೇರ ಬಳ್ಳಿಯ ಮೇಲೆ ಬೀಳುತ್ತಿದ್ದರೆ ಹೂ ಇನ್ನಷ್ಟು ತಡವಾಗಬಹುದು. ಕಾಲದ ಹಂಗಿಲ್ಲದೆ ಕಾಯಿ ಬೇಕೆಂದರೆ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-4 ಹಾಕಿ, ಅದು ಹಗಲಿನ ಉದ್ದ ನೋಡುವುದಿಲ್ಲ. ಹಿತಕಿದ ಬೇಳೆಗೆ ಸೊಗಡೇ ಮುಖ್ಯ ಎನ್ನುವವರು ನಾಟಿಯನ್ನೇ ಜುಲೈ-ಆಗಸ್ಟ್‌ನಲ್ಲಿ ಬಿತ್ತಿ. ದೀಪಾವಳಿವರೆಗೆ ಹೂ ಕಾಣಲಿಲ್ಲವೆಂದು ಗಾಬರಿಯಾಗಿ ಯೂರಿಯಾ ಸುರಿಯಬೇಡಿ, ಎಲೆ ಇನ್ನೂ ಹೆಚ್ಚಾಗುತ್ತದೆ ಅಷ್ಟೇ.