ಹಳೇ ಕಾರಿಗೆ ಡಿಸ್ಕ್ ಬ್ರೇಕ್ ಹಾಕ್ಸಿದ್ಮೇಲೆ ಯಾವ ಮಾಸ್ಟರ್ ಸಿಲಿಂಡರ್ ಹಾಕ್ಬೇಕು?

ಪ್ರಶ್ನೆ: ನಮ್ಮ ಪ್ರೀಮಿಯರ್ ಪದ್ಮಿನಿಗೆ ಮುಂದಿನ ಡ್ರಮ್ ತೆಗ್ಸಿ ಡಿಸ್ಕ್ ಹಾಕ್ಸಿದೀವಿ, ಬೂಸ್ಟರ್ (ಕಾಲಿನ ಒತ್ತಡಕ್ಕೆ ಬಲ ಸೇರಿಸೋ ಭಾಗ) ಇಲ್ಲ. ಬ್ರೇಕ್ ಜೋರಾಗಿ ಹಿಡೀಲಿ ಅಂತ 1 ಇಂಚು ಬೋರಿನ (ಒಳ ಅಗಲದ) ದೊಡ್ಡ ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲ್ ತಳ್ಳೋ ಪಂಪು) ಹಾಕ್ಸಿದ್ರೆ ಪೆಡಲ್ ಕಲ್ಲಾಗಿದೆ, ಗಾಡಿ ಮಾತ್ರ ನಿಲ್ತಿಲ್ಲ. ಯಾಕೆ?

ಉತ್ತರ: ದೊಡ್ಡದು ಹಾಕಿದ್ದಕ್ಕೇ ಹಿಂಗಾಗಿರೋದು. ಬೋರ್ ದೊಡ್ಡದಾದಷ್ಟೂ ಪ್ರೆಶರ್ ಕಮ್ಮಿಯಾಗುತ್ತೆ, ಇದನ್ನ ತುಂಬಾ ಜನ ಉಲ್ಟಾ ತಿಳ್ಕೊಂಡಿರ್ತಾರೆ. ಲೆಕ್ಕ ನೋಡಿ, ನೀವು ಪೆಡಲ್ ಮೇಲೆ 30 ಕೆಜಿ ಭಾರ ಹಾಕಿದ್ರಿ ಅನ್ಕೊಳ್ಳಿ, ಪೆಡಲ್ ರೇಶಿಯೋ (ಪೆಡಲ್ ಲಿವರ್ ಬಲವನ್ನ ಎಷ್ಟು ಪಟ್ಟು ಮಾಡುತ್ತೆ ಅನ್ನೋದು) 6ಕ್ಕೆ 1 ಇದ್ರೆ ಸಿಲಿಂಡರ್ ಪಿಸ್ಟನ್ನನ್ನ ತಳ್ಳೋ ಪುಶ್ ರಾಡ್ ಮೇಲೆ 180 ಕೆಜಿ ಬೀಳುತ್ತೆ, ಅದೇ 180 ಕೆಜಿ ಮುಕ್ಕಾಲು ಇಂಚಿನ ಬೋರಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 63 ಕೆಜಿ ಪ್ರೆಶರ್ ಕೊಟ್ರೆ 1 ಇಂಚಿನ ಬೋರಲ್ಲಿ ಬರೀ 35 ಚಿಲ್ಲರೆ. ಹತ್ತತ್ರ ಅರ್ಧಕ್ಕರ್ಧ ಹೋಯ್ತು!

ಡ್ರಮ್ಮಲ್ಲಾದ್ರೆ ಲೀಡಿಂಗ್ ಶೂ (ಡ್ರಮ್ ಒಳಗೆ ಒತ್ತೋ ಎರಡು ಶೂಗಳಲ್ಲಿ ಮುಂದಿನದು) ಚಕ್ರ ತಿರುಗೋ ರಭಸಕ್ಕೆ ತಾನೇ ಇನ್ನಷ್ಟು ಕಚ್ಕೊಳ್ಳುತ್ತೆ, ಡಿಸ್ಕಲ್ಲಿ ಆ ಸಹಾಯ ಇಲ್ಲ, ಪ್ರೆಶರ್ ಎಷ್ಟು ಬಂತೋ ಅಷ್ಟೇ ಹಿಡಿತ. ಅದಕ್ಕೇ ಡಿಸ್ಕ್ ಕಾರುಗಳಿಗೆ ಬೂಸ್ಟರ್ ಜಾಸ್ತಿ ಕಾಣೋದು.

ಹಂಗಂತ ತೀರಾ ಚಿಕ್ಕದು ಹಾಕೋದೂ ಬೇಡ. ರಾಡ್ 25 ಮಿಲಿಮೀಟರ್ ಹೋದ್ರೆ ಮುಕ್ಕಾಲು ಇಂಚಿನದ್ದು ಸುಮಾರು 7 ಸಿಸಿ ಆಯಿಲ್ ತಳ್ಳುತ್ತೆ, 1 ಇಂಚಿನದ್ದು 12 ಸಿಸಿಗಿಂತ ಜಾಸ್ತಿ. ಕ್ಯಾಲಿಪರ್ (ಪ್ಯಾಡ್‌ಗಳನ್ನ ಡಿಸ್ಕಿಗೆ ಒತ್ತೋ ಭಾಗ) ಪಿಸ್ಟನ್ ದೊಡ್ಡದಿದ್ದು ಆಯಿಲ್ ಸಾಲ್ದೇ ಹೋದ್ರೆ ಪೆಡಲ್ ನೆಲ ಮುಟ್ಟುತ್ತೆ, ಅದು ಕಲ್ಲಾಗೋದಕ್ಕಿಂತ ಅಪಾಯ. ಬೂಸ್ಟರ್ ಇಲ್ಲದ ನಿಮ್ಮಂಥ ಚಿಕ್ಕ ಕಾರಿಗೆ ಮುಕ್ಕಾಲು ಇಂಚಿನ ಆಸುಪಾಸಿಂದ ಶುರು ಮಾಡಿ ಅಂತೀನಿ. ಅದಕ್ಕೂ ಮುಂಚೆ, ಕ್ಯಾಲಿಪರ್ ಯಾವ ಕಾರಿಂದು ಅಂತ ಕೇಳಿ ಆ ಕಾರಿಗೆ ಕಂಪನಿಯೋರು ಎಷ್ಟು ಬೋರ್ ಕೊಟ್ಟಿದ್ರು ನೋಡಿ, ಆದ್ರೆ ಅದಕ್ಕೆ ಬೂಸ್ಟರ್ ಇತ್ತಾ ಅಂತಾನೂ ನೋಡ್ಬೇಕು, ಬೂಸ್ಟರ್ ಜೊತೆ ಬಂದ ಬೋರನ್ನ ಹಂಗೇ ತಂದು ಕೂರಿಸಿದ್ರೆ ಮತ್ತೆ ಇದೇ ಕಥೆ.

ಹಳೇ ಡ್ರಮ್ ಸಿಲಿಂಡರನ್ನೇ ವಾಪಸ್ ಹಾಕೋಣ ಅಂತಿದ್ರೆ ಒಂದು ವಿಷ್ಯ, ಎಷ್ಟೋ ಡ್ರಮ್ ಸಿಲಿಂಡರ್ ಒಳಗೆ ರೆಸಿಡ್ಯುಯಲ್ ವಾಲ್ವ್ ಇರುತ್ತೆ, ಲೈನಲ್ಲಿ ಸುಮಾರು 10 ಪಿಎಸ್‌ಐ ಪ್ರೆಶರ್ ಯಾವಾಗ್ಲೂ ನಿಂತಿರುತ್ತೆ, ಡಿಸ್ಕಿಗೆ ಅದು ಹೋದ್ರೆ ಪ್ಯಾಡ್ ಉಜ್ತಾನೇ ಇದ್ದು ಚಕ್ರ ಕಾಯುತ್ತೆ. ಮಾರಿಸ್ ಮೈನರ್ ಥರ ಸಿಲಿಂಡರ್ ನೆಲದ ಕೆಳಗಿರೋ ಕಾರಲ್ಲಿ ಮಾತ್ರ ಆಯಿಲ್ ವಾಪಸ್ ಇಳೀದೇ ಇರ್ಲಿ ಅಂತ ಡಿಸ್ಕ್ ಲೈನಿಗೆ 2 ಪಿಎಸ್‌ಐ ವಾಲ್ವ್ ಹಾಕ್ತಾರೆ. ಬ್ರೇಕ್ ಆಯಿಲ್ ಡಬ್ಬಿನೂ ದೊಡ್ಡದಿರ್ಲಿ, ಪ್ಯಾಡ್ ಸವೆದಂಗೆ ಕ್ಯಾಲಿಪರ್ ಒಳಗೆ ಆಯಿಲ್ ಜಾಸ್ತಿ ತುಂಬ್ಕೊಳ್ಳುತ್ತೆ.

ಹೆಂಗೂ ಬದಲಾಯಿಸ್ತಿದೀರ, ದಯವಿಟ್ಟು ಡ್ಯುಯಲ್ ಸರ್ಕ್ಯೂಟಿಂದೇ (ಎರಡು ಬೇರೆ ಬೇರೆ ಆಯಿಲ್ ಲೈನ್ ಇರೋದೇ) ಹಾಕ್ಸಿ. 1965ರ ಫೋರ್ಡ್ ಮಸ್ಟಾಂಗಲ್ಲೂ ಒಂದೇ ಸರ್ಕ್ಯೂಟ್ ಇದ್ದಿದ್ದು, 1967ರಲ್ಲಿ ಡ್ಯುಯಲ್ ಬಂತು. ಒಂದೇ ಸರ್ಕ್ಯೂಟಲ್ಲಿ ಒಂದು ಪೈಪ್ ಒಡೆದ್ರೆ ನಾಲ್ಕೂ ಚಕ್ರದ ಬ್ರೇಕ್ ಹೋಗುತ್ತೆ, ಮನೆಯೋರನ್ನ ಕೂರಿಸ್ಕೊಂಡು ಓಡಾಡೋ ಗಾಡಿ ಅಲ್ವಾ.

ಫಿಟ್ ಮಾಡೋವಾಗ ಪುಶ್ ರಾಡಿಗೂ ಪಿಸ್ಟನ್‌ಗೂ ಮಧ್ಯೆ ಸ್ವಲ್ಪ ಪ್ಲೇ (ಸಂದು) ಬಿಡಿಸಿ. ರಾಡ್ ಪಿಸ್ಟನ್ನನ್ನ ಒತ್ಕೊಂಡೇ ಇದ್ರೆ ಒಳಗಿನ ಚಿಕ್ಕ ಪೋರ್ಟ್ ಮುಚ್ಚಿ ಆಯಿಲ್ ಡಬ್ಬಿಗೆ ವಾಪಸ್ ಬರಲ್ಲ, ಹತ್ತು ಕಿಲೋಮೀಟರ್ ಓಡೋದ್ರೊಳಗೆ ಬ್ರೇಕ್ ಜಾಮ್ ಆಗ್ಬೋದು.